ಅಂಗಳದ ಶಾಲೆಯೂ ಅದರ ಶಿಕ್ಷಕಿಯೂ

ನಮ್ಮ ಶಾಲೆಯ ಅಭ್ಯಾಸ ಮುಗಿಸಿದ ಹೆಣ್ಣುಮಕ್ಕಳಲ್ಲಿ ಶಿಶುಶಿಕ್ಷಕಿಯರಾಗಬೇಕೆಂದು ಬಯಸುವವರು ಕೆಲವರಾದರೂ ಇರುತ್ತಾರೆ. ಅವರ ಪಾಲಕರು ನಮ್ಮನ್ನು ಕೇಳುವದು ಒಂದೇ ಮಾತು: "ಸಣ್ಣ ಕೂಸುಗಳನ್ನು ಆಡಿಸುವದಕ್ಕೆ ತರಬೇತು ಯಾತಕ್ಕೆ, ಅಕ್ಕಾವರೇ?" ಪ್ರಶ್ನೆಯು ಯೋಗ್ಯವಾದದ್ದೇ, ಉತ್ತರವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ.

1945ರಲ್ಲಿ ತಾರಾಬಾಯಿ ಮೋಡಕರು ಅನುತಾಯಿ ವಾಘರನ್ನು ಜೊತೆಗೆ ಕರೆದುಕೊಂಡು ಆಗಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಗ್ರಾಮೀಣ ಬಾಲಶಿಕ್ಷಣದ ಕೆಲಸವನ್ನು ಆರಂಭಿಸಿದರು. (ಆ ಕಾಲಕ್ಕೆ ಬೋರ್ಡಿಯೂ ನಮ್ಮ ವಿಜಾಪುರವೂ ಒಂದೇ ಮುಂಬಯಿ ಪ್ರಾಂತದೊಳಗಿದ್ದವು.) ಕೇರಿಯ ಬಡಮಕ್ಕಳು ಬಾಲಮಂದಿರಕ್ಕೆ ಬಾರದಿರಲು, ಬಾಲಮಂದಿರವೇ ಅವರ ಅಂಗಳಕ್ಕೆ ಹೋಯಿತು. ಮಾಂಟೆಸ್ಸೊರಿ ಪದ್ಧತಿಯ ಬೆಲೆಯುಳ್ಳ ಸಾಮಾನುಗಳ ಬದಲು ಶಂಖ, ಚಿಪ್ಪು, ಬೀಜ, ಎಲೆಗಳು ಕಲಿಕೆಯ ಸಾಧನಗಳಾದವು. ಅಂಗನವಾಡಿಯೆಂಬ ವಿಚಾರವು ಮೊಳೆತದ್ದು ಅಲ್ಲಿ. ಸರಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆ ಹೆಸರನ್ನು ದೇಶಕ್ಕೆಲ್ಲ ಹಬ್ಬಿಸಿದ್ದು 1975ರ ಅಕ್ಟೋಬರ 2ರಿಂದ ಮುಂದೆ.

ಇದರಲ್ಲಿ ಶಿಕ್ಷಕಿಯು ಕಲಿಯತಕ್ಕದ್ದೇನು? ಮೊದಲನೆಯದಾಗಿ, ಜನರೊಡನೆ ಬೆರೆಯುವದು. ಜಲನಗರದ ಸುತ್ತಲಿನ ಒಂದು ಅಂಗನವಾಡಿಯೊಳಗೆ ಕನ್ನಡದ ಕೂಸಿನ ಮಗ್ಗುಲಿಗೆ ಉರ್ದು ಮಾತಾಡುವ ಕೂಸು ಕೂತಿರುವದುಂಟು. ತಿಕೋಟಾ, ಬಬಲೇಶ್ವರಗಳ ಕಡೆಗೆ ಹೋದರೆ ತಾಂಡೆಯ ಲಂಬಾಣಿ ಕೂಸೂ ಮರಾಠಿಯ ಕೂಸೂ ಸಿಕ್ಕಾವು. ಮೂರು ವರ್ಷದ ಕೂಸು ಗಿಳಿಪಾಠದಿಂದ ಮಾತು ಕಲಿಯುವದಿಲ್ಲ. ತನ್ನ ಮಾತಿಗೆ ಯಾರಾದರೂ ಮರುಮಾತು ಕೊಟ್ಟರೆ ಕಲಿಯುತ್ತದೆ. ಆದುದರಿಂದ ತರಬೇತಿನ ಹುಡುಗಿಯು ತಾಯಂದಿರ ಕೂಡ ಕಟ್ಟೆಯ ಮೇಲೆ ಕೂತು ಆ ಮನೆಯ ಹತ್ತು ಮಾತನ್ನಾದರೂ ತಿಳಿದುಕೊಳ್ಳಬೇಕು. ಒಬ್ಬಳು ಪಾಠ ಹೇಳುವಾಗ ಉಳಿದವರು ಅವಳನ್ನು ನೋಡದೆ ಮಕ್ಕಳ ಮುಖವನ್ನು ನೋಡಬೇಕು. ಯಾವ ಕೂಸು ಯಾವಾಗ ಬಾಯಿಬಿಟ್ಟಿತೆಂಬುದನ್ನು ಆಮೇಲೆ ತಮ್ಮತಮ್ಮೊಳಗೆ ಚರ್ಚಿಸಬೇಕು. ವ್ಯಾಖ್ಯಾನ ಕೇಳಿ ಟಿಪ್ಪಣಿ ಬರೆದುಕೊಂಡಷ್ಟರಿಂದ ಇದು ಬಾರದು.

ಎರಡನೆಯದು, ಬಾಳಿ ಉಳಿಯುವಂಥದನ್ನು ಕಲಿಸುವದು. ಪೇಟೆಯಿಂದ ತಂದ ಪ್ಲಾಸ್ಟಿಕ್ ಆಟಿಗೆಯು ಮುರಿದರೆ ಕಸ. ನಮ್ಮ ಕಡೆಗೆ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನೂ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನೂ ಮಣ್ಣಿನಿಂದ ಮಾಡುವದನ್ನು ಎಲ್ಲರೂ ಬಲ್ಲಿರಿ. ಆ ಮಣ್ಣನ್ನು ನಾದುವದರಿಂದ ಕೂಸಿನ ಬೆರಳುಗಳಿಗೆ ಮುಂದೆ ಬಳಪ ಹಿಡಿಯುವ ಬಲ ಬರುತ್ತದೆ. ಎತ್ತಿನ ಎರಡು ಕೋಡು, ನಾಲ್ಕು ಕಾಲುಗಳಲ್ಲಿ ಎಣಿಕೆಯಿದೆ. ಆಟ ಮುಗಿದ ಮೇಲೆ ಮಣ್ಣು ಮಣ್ಣಿಗೇ ಸೇರುತ್ತದೆ. ಅಜ್ಜಿಯು ಬಂದು ಮಾಡಿತೋರಿಸಿದರೆ ಇನ್ನೂ ಲೇಸು. ನೀರಿನ ವಿಷಯವೂ ಹಾಗೆಯೇ: ಊಟದ ಮುಂಚೆ ಒಂದೊಂದೇ ತಂಬಿಗೆಯಿಂದ ಕೈತೊಳೆಯಿಸಿ, ಆ ನೀರನ್ನು ನುಗ್ಗೆಯ ಗಿಡಕ್ಕೆ ಹರಿಯಿಸುವದು ಬರಗಾಲದ ಸೀಮೆಯ ಮಕ್ಕಳಿಗೆ ದೊಡ್ಡ ಪಾಠ.

ಆದರೆ ಶಿಕ್ಷಕಿಯೇ ನಿಲ್ಲದಿದ್ದರೆ ಇದಾವದೂ ನಿಲ್ಲದು. ಅಂಗನವಾಡಿಯವರಿಗೆ ಸಿಗುವದು ಸಂಬಳವಲ್ಲ, ಗೌರವಧನ. ಅವರೂ ಉಪದಾನಕ್ಕೆ ಅರ್ಹರೆಂದು ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿದ್ದು 2022ರ ಏಪ್ರಿಲದಲ್ಲಿ. 2020ರ ಶಿಕ್ಷಣನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಬುನಾದಿಯೆಂದು ಕರೆಯಿತು. ಬುನಾದಿ ಹಾಕುವವಳ ಕೂಲಿಯು ಮಾತ್ರ ಇನ್ನೂ ಕಡಿಮೆಯೆಂದೇ ನಮ್ಮ ಅಭಿಪ್ರಾಯ.

ಈ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿನಿಯರು ತಮ್ಮ ಅಂಗಳದಲ್ಲಿ ನಮ್ಮ ಹುಡುಗಿಯರಿಗೆ ವಾರಕ್ಕೊಂದು ಮುಂಜಾನೆ ಕೂತು ನೋಡಲು ಸ್ಥಳ ಕೊಡುವದಾದರೆ ನಮಗೆ ಬರೆದು ತಿಳಿಸಬೇಕು.