ಅಟೆನ್‌ಬರೊ: ಒಂದು ಅಡ್ಡಹೆಸರಿನ ಚರಿತ್ರೆ

ಮನುಷ್ಯನು ಹುಟ್ಟುವಾಗ ಹೆಸರನ್ನು ಹೊತ್ತು ಬರುವುದಿಲ್ಲ. ಹಿರಿಯರು ಅವನಿಗೆ ಹೆಸರಿಡುತ್ತಾರೆ. ಅವನು ಅದನ್ನು ಜೀವಮಾನವೆಲ್ಲ ಧರಿಸುತ್ತಾನೆ. ಆದರೆ ಅನೇಕ ದೇಶಗಳಲ್ಲಿ ಅವನ ಹೆಸರಿನ ಕೊನೆಗೆ ಮತ್ತೊಂದು ಹೆಸರು ಸೇರಿಕೊಂಡಿರುತ್ತದೆ. ಅದೇ ಮನೆತನದ ಹೆಸರು, ಅಂದರೆ ಅಡ್ಡಹೆಸರು. ಅದು ಅವನಿಗಿಂತ ಬಹಳ ಹಿರಿದು. ತಾತ ಮುತ್ತಾತಂದಿರ ಕಾಲದಿಂದ ತಲೆಮಾರು ತಲೆಮಾರಾಗಿ ಇಳಿದು ಬಂದುದು. ಮನೆಯವರೇ ಮರೆತುಬಿಟ್ಟ ಸಂಗತಿಗಳು ಅದರಲ್ಲಿ ಅಡಗಿರುವುದುಂಟು. ಅಂಥ ಹೆಸರನ್ನು ಬಿಡಿಸಿ ನೋಡುವುದೆಂದರೆ ಹಳೆಯ ಶಾಸನವೊಂದನ್ನು ಓದಿದಂತೆಯೇ ಸರಿ.

ಮಹಾತ್ಮ ಗಾಂಧಿಯವರ ಜೀವನವನ್ನು ಕುರಿತು 1982ರಲ್ಲಿ ತೆರೆಗೆ ಬಂದ ‘ಗಾಂಧಿ’ ಎಂಬ ಚಲನಚಿತ್ರ ಜಗತ್ಪ್ರಸಿದ್ಧವಾದುದು. ಎಂಟು ಆಸ್ಕರ್ ಪ್ರಶಸ್ತಿಗಳನ್ನು ಪಡೆದ ಆ ಚಿತ್ರದ ನಿರ್ದೇಶಕರು ರಿಚರ್ಡ್ ಅಟೆನ್‌ಬರೊ. ವನ್ಯಜೀವಿಗಳ ಬದುಕನ್ನು ದೂರದರ್ಶನದ ಮೂಲಕ ಲೋಕಕ್ಕೆಲ್ಲ ತೋರಿಸಿದ ಡೇವಿಡ್ ಅಟೆನ್‌ಬರೊ ಅವರ ತಮ್ಮ. ಈ ಸಹೋದರರಿಂದಾಗಿ ಅಟೆನ್‌ಬರೊ ಎಂಬ ಹೆಸರು ದೇಶದೇಶಗಳಲ್ಲಿ ಪರಿಚಿತವಾಯಿತು. ಆದರೆ ಅದು ಹುಟ್ಟಿದ ಇಂಗ್ಲೆಂಡಿನಲ್ಲಿಯೇ ಅದು ಬಹಳ ಅಪರೂಪದ ಹೆಸರು. ಅದು ಎಲ್ಲಿ ಹುಟ್ಟಿತು, ಏಕೆ ವಿರಳವಾಯಿತು, ಅದನ್ನು ಹೊತ್ತವರೆಲ್ಲರೂ ಒಂದೇ ವಂಶದವರೇ ಎಂಬ ಪ್ರಶ್ನೆಗಳು ಕುತೂಹಲಕರವಾಗಿವೆ. ಇವುಗಳಿಗೆ ಉತ್ತರ ಹುಡುಕುವ ಕೆಲಸದಲ್ಲಿ ಭಾಷೆ, ಇತಿಹಾಸ, ಗಣಿತ, ಜೀವಶಾಸ್ತ್ರ ಇವೆಲ್ಲವೂ ಕೈಜೋಡಿಸಿವೆ.

ಪ್ರಾಚೀನ ಇಂಗ್ಲೆಂಡಿನ ಜನರಿಗೆ ಅಡ್ಡಹೆಸರುಗಳಿರಲಿಲ್ಲ. ಒಬ್ಬನಿಗೆ ಒಂದೇ ಹೆಸರು. ಚಿಕ್ಕ ಚಿಕ್ಕ ಹಳ್ಳಿಗಳಲ್ಲಿ ಅಷ್ಟೇ ಸಾಕಾಗುತ್ತಿತ್ತು. 1066ರಲ್ಲಿ ನಾರ್ಮಂಡಿಯ ದೊರೆ ವಿಲಿಯಮನು ಇಂಗ್ಲೆಂಡನ್ನು ಗೆದ್ದನು. ಅಲ್ಲಿಂದ ಮುಂದೆ ಜಮೀನುದಾರರಾದ ಶ್ರೀಮಂತರು ತಮ್ಮ ಆಸ್ತಿಯೊಡನೆ ಹೆಸರನ್ನೂ ಮಕ್ಕಳಿಗೆ ಬಿಟ್ಟುಹೋಗುವ ಪದ್ಧತಿ ಬೆಳೆಯಿತು. ಅದೇ ಕಾಲಕ್ಕೆ ಜಾನ್, ವಿಲಿಯಂ, ರಾಬರ್ಟ್ ಮುಂತಾದ ಕೆಲವೇ ಹೆಸರುಗಳನ್ನು ಎಲ್ಲರೂ ಇಟ್ಟುಕೊಳ್ಳತೊಡಗಿದರು. ಒಂದೇ ಊರಿನಲ್ಲಿ ಹತ್ತು ಮಂದಿ ಜಾನ್‌ಗಳಿದ್ದರೆ ಕಂದಾಯ ವಸೂಲು ಮಾಡುವ ಅಧಿಕಾರಿ ಯಾರನ್ನು ಯಾರೆಂದು ಗುರುತಿಸಬೇಕು? ಹೀಗೆ ಎರಡನೆಯ ಹೆಸರು ಅನಿವಾರ್ಯವಾಯಿತು. ಸುಮಾರು 1400ರ ವೇಳೆಗೆ ಇಂಗ್ಲೆಂಡಿನ ಬಹುಪಾಲು ಜನರಿಗೆ ವಂಶಪಾರಂಪರ್ಯವಾದ ಅಡ್ಡಹೆಸರು ದೊರೆತಿತ್ತು.

ಈ ಹೆಸರುಗಳು ಮುಖ್ಯವಾಗಿ ನಾಲ್ಕು ಬಗೆಯವು. ಕಸುಬಿನಿಂದ ಬಂದವು ಕೆಲವು: ಸ್ಮಿತ್ ಎಂದರೆ ಕಮ್ಮಾರ, ಬೇಕರ್ ಎಂದರೆ ರೊಟ್ಟಿ ಸುಡುವವನು. ತಂದೆಯ ಹೆಸರಿನಿಂದ ಬಂದವು ಕೆಲವು: ಜಾನ್ಸನ್ ಎಂದರೆ ಜಾನನ ಮಗ. ಮೈಬಣ್ಣ, ಎತ್ತರ, ಬಲ ಮುಂತಾದ ಲಕ್ಷಣಗಳಿಂದ ಬಂದವು ಕೆಲವು: ಆರ್ಮ್‌ಸ್ಟ್ರಾಂಗ್ ಎಂದರೆ ತೋಳ್ಬಲವುಳ್ಳವನು. ಉಳಿದವು ಸ್ಥಳಗಳಿಂದ ಬಂದವು. ಗಾಂಧಿಯವರ ಮನೆತನದವರು ಮೊದಲು ದಿನಸಿ ವ್ಯಾಪಾರಿಗಳಾಗಿದ್ದಂತೆ ತೋರುತ್ತದೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಅವರದು ಕಸುಬಿನ ಹೆಸರು. ಅವರ ಚಿತ್ರವನ್ನು ತೆಗೆದ ಅಟೆನ್‌ಬರೊ ಅವರದು ಸ್ಥಳದ ಹೆಸರು.

ಇಂಗ್ಲೆಂಡಿನ ನಡುಭಾಗದಲ್ಲಿ ನಾಟಿಂಗ್‌ಹ್ಯಾಮ್ ಎಂಬ ನಗರವಿದೆ. ಅದರ ನೈಋತ್ಯಕ್ಕೆ, ಟ್ರೆಂಟ್ ನದಿಯ ದಂಡೆಯ ಮೇಲೆ ಅಟೆನ್‌ಬರೊ ಎಂಬ ಗ್ರಾಮವಿದೆ. ಪ್ರಾಚೀನ ಇಂಗ್ಲಿಷಿನಲ್ಲಿ ‘ಬುರ್ಹ್’ ಎಂದರೆ ಕೋಟೆ. ಅದ್ದ ಅಥವಾ ಅದ್ದಿ ಎಂಬ ಹೆಸರಿನವನೊಬ್ಬನ ಕೋಟೆ ಎಂಬುದೇ ಈ ಊರಿನ ಹೆಸರಿನ ಅರ್ಥ. ಆ ಅದ್ದ ಯಾರು, ಅವನು ಏನು ಮಾಡಿದನು ಎಂಬುದನ್ನು ಯಾವ ಗ್ರಂಥವೂ ಹೇಳುವುದಿಲ್ಲ. ಅವನ ಕೋಟೆ ಅಳಿದರೂ ಊರಿನ ಹೆಸರಿನಲ್ಲಿ ಅವನು ಉಳಿದುಕೊಂಡಿದ್ದಾನೆ.

ಅಟೆನ್‌ಬರೊ ಎಂಬ ಅಡ್ಡಹೆಸರಿಗೆ ಇನ್ನೊಂದು ವ್ಯುತ್ಪತ್ತಿಯನ್ನೂ ಹೇಳುವುದುಂಟು. ನಡುಗಾಲದ ಇಂಗ್ಲಿಷಿನಲ್ಲಿ ‘ಅಟೆನ್’ ಎಂಬುದು ‘ಬಳಿಯಲ್ಲಿ’ ಎಂಬ ಅರ್ಥವನ್ನು ಕೊಡುವ ಮಾತಾಗಿತ್ತು. ಆಶ್ ಎಂಬ ಮರದ ಬಳಿ ವಾಸಿಸುತ್ತಿದ್ದವನು ‘ಅಟೆನ್ ಆಶ್’ ಎನಿಸಿಕೊಂಡನು. ಜನರ ನಾಲಗೆಯಲ್ಲಿ ಸವೆದು ಅದು ‘ನ್ಯಾಶ್’ ಎಂಬ ಅಡ್ಡಹೆಸರಾಯಿತು. ಅದೇ ರೀತಿಯಲ್ಲಿ ದಿಬ್ಬದ ಅಥವಾ ತೋಪಿನ ಬಳಿ ವಾಸಿಸುತ್ತಿದ್ದವನಿಗೂ ಅಟೆನ್‌ಬರೊ ಎಂಬ ಹೆಸರು ಬಂದಿರಬಹುದು. ಹೀಗೆ ಎರಡು ಅರ್ಥಗಳು ಎದುರಾದಾಗ ನಿಘಂಟು ಒಂದೇ ತೀರ್ಪು ಕೊಡಲಾರದು. ಹೆಸರನ್ನು ಹೊತ್ತವರು ಎಲ್ಲಿ ವಾಸಿಸುತ್ತಿದ್ದರೆಂಬುದನ್ನೂ ನೋಡಬೇಕಾಗುತ್ತದೆ. ರಿಚರ್ಡ್ ಮತ್ತು ಡೇವಿಡ್ ಅವರ ತಂದೆ ಫ್ರೆಡರಿಕ್ ಅಟೆನ್‌ಬರೊ 1887ರಲ್ಲಿ ಜನಿಸಿದ್ದು ಸ್ಟೇಪಲ್‌ಫರ್ಡ್ ಎಂಬ ಊರಿನಲ್ಲಿ. ಅದು ಅಟೆನ್‌ಬರೊ ಗ್ರಾಮದಿಂದ ಕೆಲವೇ ಮೈಲಿಗಳ ದೂರದಲ್ಲಿದೆ. ಶತಮಾನಗಳು ಉರುಳಿದರೂ ಆ ಹೆಸರಿನ ಕುಟುಂಬವೊಂದು ತನ್ನ ಹೆಸರಿನ ಊರಿನ ನೆರೆಯಲ್ಲಿಯೇ ಇತ್ತು!

ಇಲ್ಲಿ ಗಮನಿಸಬೇಕಾದ ವಿಶೇಷವೊಂದುಂಟು. ಊರಿನ ಹೆಸರು ಮನುಷ್ಯನಿಗೆ ಅಂಟಿಕೊಳ್ಳುವುದು ಸಾಮಾನ್ಯವಾಗಿ ಅವನು ಆ ಊರನ್ನು ಬಿಟ್ಟ ಮೇಲೆ. ಅಟೆನ್‌ಬರೊ ಗ್ರಾಮದಲ್ಲಿ ಇರುವವರೆಲ್ಲರೂ ಅಟೆನ್‌ಬರೊದವರೇ. ಅಲ್ಲಿ ಯಾರನ್ನಾದರೂ ಹಾಗೆ ಕರೆದರೆ ಗುರುತು ಸಿಕ್ಕುವುದಿಲ್ಲ. ಒಬ್ಬನು ದುಡಿಮೆಗಾಗಿಯೋ ಮದುವೆಯಾಗಿಯೋ ನೆರೆಯೂರಿಗೆ ಹೋಗಿ ನೆಲೆಸಿದಾಗ ಮಾತ್ರ ಅಲ್ಲಿಯ ಜನ ಅವನನ್ನು “ಅಟೆನ್‌ಬರೊದ ಜಾನ್” ಎಂದು ಕರೆಯುತ್ತಾರೆ. ಹೀಗೆ ಸ್ಥಳದಿಂದ ಬಂದ ಅಡ್ಡಹೆಸರು ಒಂದು ಅಗಲಿಕೆಯ ಗುರುತೂ ಹೌದು. ಯಾರೋ ಒಬ್ಬನು ಊರು ಬಿಟ್ಟು ಹೊರಟ ದಿನವನ್ನು ಅದು ನೆನಪಿಸುತ್ತದೆ.

ಈಗ ಹೆಸರಿನ ವಿರಳತೆಯನ್ನು ವಿಚಾರಿಸಬಹುದು. ಇಂಗ್ಲೆಂಡಿನ ಪ್ರತಿಯೊಂದು ಊರಿಗೂ ಒಬ್ಬ ಕಮ್ಮಾರ ಬೇಕಾಗಿದ್ದನು. ಆದುದರಿಂದ ಸ್ಮಿತ್ ಎಂಬ ಹೆಸರು ನೂರಾರು ಕಡೆ ಬೇರೆ ಬೇರೆಯಾಗಿಯೇ ಹುಟ್ಟಿತು. 1881ರ ಜನಗಣತಿಯ ಕಾಲಕ್ಕೆ ಬ್ರಿಟನ್ನಿನಲ್ಲಿ ಸ್ಮಿತ್ ಎಂಬ ಅಡ್ಡಹೆಸರಿನವರು 4 ಲಕ್ಷಕ್ಕೂ ಹೆಚ್ಚಾಗಿದ್ದರು. ಅಟೆನ್‌ಬರೊ ಎಂಬ ಹೆಸರಿಗಾದರೋ ಆಧಾರವಾದುದು ಒಂದು ಪುಟ್ಟ ಗ್ರಾಮ. ಅಲ್ಲಿಂದ ಹೊರಟವರು ಎಷ್ಟು ಮಂದಿ ಇದ್ದಾರು? ಬುಡದಲ್ಲಿಯೇ ಸಣ್ಣದಾದ ತೊರೆ ಮಹಾನದಿಯಾಗುವುದು ಕಷ್ಟ.

ಇದಲ್ಲದೆ ಹೆಸರುಗಳು ಸಾಯುವುದೂ ಉಂಟು. 1348ರಲ್ಲಿ ಇಂಗ್ಲೆಂಡನ್ನು ಹೊಕ್ಕ ಪ್ಲೇಗ್ ಮಾರಿ ಒಂದೆರಡು ವರ್ಷಗಳಲ್ಲಿ ದೇಶದ ಜನರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು. ಅವರೊಡನೆ ಅನೇಕ ಹೆಸರುಗಳೂ ಮಣ್ಣಾದವು. ಆದರೆ ಹೆಸರು ಅಳಿಯುವುದಕ್ಕೆ ಮಾರಿಯೇ ಬರಬೇಕೆಂದಿಲ್ಲ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಪ್ರಖ್ಯಾತ ಮನೆತನಗಳು ಒಂದೊಂದಾಗಿ ಕಣ್ಮರೆಯಾಗುತ್ತಿದ್ದುದನ್ನು ಕಂಡು, ಸುಖ ಮತ್ತು ಬುದ್ಧಿ ಹೆಚ್ಚಿದಂತೆ ಸಂತಾನ ಕ್ಷೀಣಿಸುತ್ತದೆಂದು ಕೆಲವರು ವಾದಿಸಿದರು. ಇದು ಕೇವಲ ಆಕಸ್ಮಿಕದ ಫಲವೂ ಆಗಿರಬಹುದಲ್ಲವೇ ಎಂಬ ಪ್ರಶ್ನೆಯನ್ನು ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸನು 1873ರಲ್ಲಿ ಗಣಿತಜ್ಞರ ಮುಂದಿಟ್ಟನು. ಹೆನ್ರಿ ವಿಲಿಯಂ ವಾಟ್ಸನ್ ಎಂಬ ಪಾದ್ರಿ ಅದನ್ನು ಬಿಡಿಸಲು ಮುಂದಾದನು. 1874ರಲ್ಲಿ ಅವರಿಬ್ಬರ ಪ್ರಬಂಧ ಪ್ರಕಟವಾಯಿತು.

ಈ ಲೆಕ್ಕದ ತಿರುಳನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಬೇರೆ ಬೇರೆ ಅಡ್ಡಹೆಸರುಗಳುಳ್ಳ 1000 ಮಂದಿ ಗಂಡಸರಿದ್ದಾರೆಂದು ಭಾವಿಸೋಣ. ಇಂಗ್ಲೆಂಡಿನ ಪದ್ಧತಿಯಂತೆ ಹೆಸರು ತಂದೆಯಿಂದ ಮಗನಿಗೆ ಹೋಗುತ್ತದೆ. ಅವರಲ್ಲಿ ಕಾಲುಭಾಗದವರಿಗೆ ಗಂಡುಮಕ್ಕಳಿಲ್ಲ. ಅರ್ಧದಷ್ಟು ಮಂದಿಗೆ ಒಬ್ಬೊಬ್ಬ ಮಗ. ಉಳಿದ ಕಾಲುಭಾಗದವರಿಗೆ ಇಬ್ಬಿಬ್ಬರು. ಒಟ್ಟು ಗಂಡುಮಕ್ಕಳ ಸಂಖ್ಯೆ ಮತ್ತೆ 1000ವೇ ಆಯಿತು. ಜನಸಂಖ್ಯೆ ಕುಗ್ಗಲಿಲ್ಲ. ಆದರೆ 250 ಹೆಸರುಗಳು ಆಗಲೇ ಅಳಿದುಹೋದವು. ಇದೇ ಕ್ರಮ ಮುಂದುವರಿದರೆ ಎರಡನೆಯ ತಲೆಮಾರಿನ ಕೊನೆಗೆ ಸುಮಾರು 390 ಹೆಸರುಗಳೂ ಮೂರನೆಯ ತಲೆಮಾರಿನ ಕೊನೆಗೆ ಸುಮಾರು 483 ಹೆಸರುಗಳೂ ಇಲ್ಲವಾಗುತ್ತವೆ. ಯಾರ ತಪ್ಪೂ ಇಲ್ಲದೆ, ಯಾವ ರೋಗವೂ ತಗಲದೆ, ನೂರು ವರ್ಷಗಳೊಳಗೆ ಹೆಚ್ಚುಕಡಿಮೆ ಅರ್ಧದಷ್ಟು ಹೆಸರುಗಳು ಮಾಯವಾದವು! ಮಹಾಕವಿ ಶೇಕ್ಸ್‌ಪಿಯರನಿಗೂ ಹೀಗೆಯೇ ಆಯಿತು. ಅವನ ಏಕಮಾತ್ರ ಪುತ್ರನಾದ ಹ್ಯಾಮ್ನೆಟ್ 1596ರಲ್ಲಿ, 11 ವರ್ಷದ ಬಾಲಕನಾಗಿದ್ದಾಗಲೇ ತೀರಿಕೊಂಡನು. ಶೇಕ್ಸ್‌ಪಿಯರ್ ಎಂಬ ಹೆಸರು ಬೇರೆ ಕುಟುಂಬಗಳಲ್ಲಿ ಉಳಿಯಿತೇ ಹೊರತು ಕವಿಯ ಸ್ವಂತ ಸಂತತಿಯಲ್ಲಿ ಉಳಿಯಲಿಲ್ಲ.

ಹಾಗಾದರೆ ಅಟೆನ್‌ಬರೊ ಎಂಬ ಹೆಸರನ್ನು ಇಂದು ಹೊತ್ತಿರುವವರು ಒಬ್ಬನೇ ಪೂರ್ವಜನ ವಂಶಜರೋ? ಇಂಗ್ಲೆಂಡಿನಲ್ಲಿ 1538ರಿಂದ ಚರ್ಚುಗಳಲ್ಲಿ ನಾಮಕರಣ, ಮದುವೆ, ಶವಸಂಸ್ಕಾರಗಳನ್ನು ದಾಖಲೆ ಮಾಡುವ ಪದ್ಧತಿ ಬಂದಿತು. ಅದಕ್ಕಿಂತ ಹಿಂದಿನ ಕಾಲದ ಬಡವರ ವಂಶವೃಕ್ಷವನ್ನು ಬರೆಯಲು ಕಾಗದಪತ್ರಗಳು ಸಾಲವು. ಇಂಥಲ್ಲಿ ಜೀವಶಾಸ್ತ್ರ ನೆರವಿಗೆ ಬಂದಿತು. ಗಂಡಸಿನ ದೇಹದ ಜೀವಕೋಶಗಳಲ್ಲಿರುವ ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಬರುತ್ತದೆ, ಅದೂ ಹೆಚ್ಚಿನ ಬದಲಾವಣೆಯಿಲ್ಲದೆ. ಇಂಗ್ಲೆಂಡಿನ ಅಡ್ಡಹೆಸರು ನಡೆಯುವುದೂ ಅದೇ ದಾರಿಯಲ್ಲಿ. ಆದ್ದರಿಂದ ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು.

ಲೆಸ್ಟರ್ ವಿಶ್ವವಿದ್ಯಾನಿಲಯದ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಎಂಬ ವಿಜ್ಞಾನಿಗಳು ಈ ಕಾರ್ಯವನ್ನು ಕೈಗೊಂಡರು. 500ಕ್ಕೂ ಹೆಚ್ಚು ಅಡ್ಡಹೆಸರುಗಳ 2500ಕ್ಕೂ ಹೆಚ್ಚು ಗಂಡಸರನ್ನು ಅವರ ಸಂಶೋಧನೆಯಲ್ಲಿ ಪರೀಕ್ಷಿಸಲಾಯಿತು. 2008ರಲ್ಲಿ ಅದರ ಫಲಿತಾಂಶ ಹೊರಬಂದಿತು. ಸ್ಮಿತ್‌ನಂತಹ ಸಾಮಾನ್ಯ ಹೆಸರಿನವರ ವರ್ಣತಂತುಗಳಲ್ಲಿ ಯಾವ ಹೋಲಿಕೆಯ ಗುಂಪೂ ಕಾಣಲಿಲ್ಲ. ಅವರು ದಾರಿಹೋಕರಂತೆ ಪರಸ್ಪರ ಅಪರಿಚಿತರು. ಆದರೆ ಅಟೆನ್‌ಬರೊದಂತಹ ಅಪರೂಪದ ಹೆಸರಿನವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಯ ವೈ ವರ್ಣತಂತು ಒಂದೇ ಬಗೆಯದಾಗಿತ್ತು ಅಥವಾ ಅತ್ಯಂತ ಸಮೀಪದ್ದಾಗಿತ್ತು. ಎಂದರೆ ಅವರಲ್ಲಿ ಬಹುಪಾಲು ಜನ ಒಬ್ಬನೇ ಮೂಲಪುರುಷನ ಕವಲುಗಳು. ಮೊದಲು ಆ ಹೆಸರನ್ನು ಪಡೆದವರು ಹಲವರಿದ್ದಿರಬಹುದು. ಆದರೆ ಗಾಲ್ಟನ್ ಸೂಚಿಸಿದ ಆಕಸ್ಮಿಕದ ನಿಯಮದಂತೆ ಇತರರ ಬಳ್ಳಿಗಳು ಒಣಗಿ, ಒಂದೇ ಬಳ್ಳಿ ಹಬ್ಬಿತೆಂದು ತೋರುತ್ತದೆ.

ಹೆಸರೂ ರಕ್ತವೂ ಒಂದೇ ಎಂದು ಇದರಿಂದ ಹೆಮ್ಮೆಪಡುವಂತಿಲ್ಲ. ಉಳಿದ ಮೂವತ್ತು ಮಂದಿಯ ವಿಷಯವೇನು? ದತ್ತು ಬಂದ ಮಗು, ತಾಯಿಯ ಮನೆಯ ಹೆಸರನ್ನು ಪಡೆದವನು, ಮಲತಂದೆಯ ಹೆಸರನ್ನು ಧರಿಸಿದವನು, ಹೀಗೆ ಅನೇಕ ಬಾಗಿಲುಗಳಿಂದ ಜನರು ಒಂದು ಹೆಸರಿನೊಳಕ್ಕೆ ಬರುತ್ತಾರೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಇನ್ನೊಂದು ಅಪರೂಪದ ಹೆಸರನ್ನು ಇದೇ ವಿಜ್ಞಾನಿಗಳು ಪರೀಕ್ಷಿಸಿದಾಗ ಮತ್ತೂ ಆಶ್ಚರ್ಯಕರವಾದ ಸಂಗತಿ ಹೊರಬಿದ್ದಿತು. 2007ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಆ ಹೆಸರಿನ 18 ಗಂಡಸರಲ್ಲಿ ಏಳು ಮಂದಿಯ ವೈ ವರ್ಣತಂತು ಪಶ್ಚಿಮ ಆಫ್ರಿಕದಲ್ಲಿ ಕಂಡುಬರುವ ಬಗೆಯದು! ನೋಟಕ್ಕೂ ನಂಬಿಕೆಗೂ ಅಪ್ಪಟ ಇಂಗ್ಲಿಷರಾಗಿದ್ದ ಅವರ ಪೂರ್ವಜನೊಬ್ಬನು ಎಂದೋ ಆಫ್ರಿಕದಿಂದ ಬಂದಿದ್ದನು. ಶುದ್ಧ ವಂಶವೆಂಬ ಮಾತು ಎಷ್ಟು ಟೊಳ್ಳಾದುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಅಡ್ಡಹೆಸರು ಮುಚ್ಚಿಡುವ ಇನ್ನೊಂದು ಸತ್ಯವಿದೆ. ಪ್ರತಿಯೊಬ್ಬರಿಗೂ ತಂದೆತಾಯಿಗಳು ಇಬ್ಬರು, ತಾತ ಅಜ್ಜಿಯರು ನಾಲ್ವರು, ಅವರ ಹಿಂದಿನವರು ಎಂಟು ಮಂದಿ. ಈ ರೀತಿ ಹತ್ತು ತಲೆಮಾರುಗಳಷ್ಟು ಹಿಂದಕ್ಕೆ ಹೋದರೆ ಪೂರ್ವಜರ ಸ್ಥಾನಗಳು 1024 ಆಗುತ್ತವೆ. ಹೆಸರು ಬಂದಿರುವುದು ಅವರಲ್ಲಿ ಒಬ್ಬನಿಂದ ಮಾತ್ರ. ಉಳಿದ 1023 ಮಂದಿ, ಅವರಲ್ಲಿಯೂ ತಾಯಂದಿರೆಲ್ಲರೂ, ಹೆಸರಿನ ಹೊರಗೇ ಉಳಿದರು. ಮಕ್ಕಳನ್ನು ಹೆತ್ತು ಸಾಕಿದ ಆ ಹೆಂಗಸರ ಋಣವನ್ನು ಯಾವ ಅಡ್ಡಹೆಸರೂ ಹೇಳುವುದಿಲ್ಲ.

ಅಟೆನ್‌ಬರೊ ಸಹೋದರರ ಮನೆಯ ಕಥೆಯೂ ಇದನ್ನೇ ಸಾರುತ್ತದೆ. ಅವರ ತಂದೆ ಫ್ರೆಡರಿಕ್, ಪ್ರಾಚೀನ ಇಂಗ್ಲಿಷ್ ದೊರೆಗಳ ಕಾನೂನುಗಳನ್ನು ಸಂಪಾದಿಸಿ ಅನುವಾದಿಸಿದ ಪಂಡಿತರು. ಮುಂದೆ ಲೆಸ್ಟರ್ ವಿಶ್ವವಿದ್ಯಾನಿಲಯವಾಗಿ ಬೆಳೆದ ಕಾಲೇಜಿನ ಪ್ರಾಂಶುಪಾಲರು. 1939ರಲ್ಲಿ ಹಿಟ್ಲರನ ಜರ್ಮನಿಯಿಂದ ಪಾರಾಗಿ ಬಂದ ಇಬ್ಬರು ಯೆಹೂದಿ ಬಾಲಕಿಯರಿಗೆ ಆ ದಂಪತಿಗಳು ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟರು. ಎರಡನೆಯ ಮಹಾಯುದ್ಧ ಮುಗಿಯುವವರೆಗೂ ಅವರಿಬ್ಬರೂ ಆ ಮನೆಯ ಹೆಣ್ಣುಮಕ್ಕಳಾಗಿಯೇ ಬೆಳೆದರು. ಅವರ ರಕ್ತವೂ ಬೇರೆ, ಹೆಸರೂ ಬೇರೆ. ಆದರೂ ಅವರು ಒಂದೇ ಕುಟುಂಬದವರಾದರು.

ಒಂದಾನೊಂದು ಕಾಲದಲ್ಲಿ ಅದ್ದನೆಂಬವನ ಹೆಸರು ಒಂದು ಕೋಟೆಗೆ ಬಂದಿತು. ಕೋಟೆಯಿಂದ ಅದು ಊರಿಗೆ ಬಂದಿತು. ಊರನ್ನು ಬಿಟ್ಟವನೊಡನೆ ನಡೆದು ಮನೆತನಕ್ಕೆ ಬಂದಿತು. ಅದರ ಪಯಣ ಅಲ್ಲಿಗೂ ನಿಲ್ಲಲಿಲ್ಲ. ನ್ಯೂಗಿನಿ ದ್ವೀಪದ ಸೈಕ್ಲೋಪ್ಸ್ ಪರ್ವತಗಳಲ್ಲಿ ಮೊಟ್ಟೆಯಿಟ್ಟು ಮರಿಗೆ ಹಾಲೂಡಿಸುವ, ಮೈಯೆಲ್ಲ ಮುಳ್ಳಿರುವ ಒಂದು ಅಪರೂಪದ ಪ್ರಾಣಿಯಿದೆ. 1961ರಲ್ಲಿ ಅದರ ಒಂದೇ ಒಂದು ದೇಹ ದೊರಕಿತ್ತು. 1998ರಲ್ಲಿ ವಿಜ್ಞಾನಿಗಳು ಡೇವಿಡ್ ಅಟೆನ್‌ಬರೊ ಅವರ ಗೌರವಾರ್ಥವಾಗಿ ಅದಕ್ಕೆ ಅವರ ಹೆಸರನ್ನಿಟ್ಟರು. ಆ ಪ್ರಾಣಿ ನಶಿಸಿಹೋಗಿರಬಹುದೆಂಬ ಆತಂಕವಿದ್ದಾಗ, 2023ರಲ್ಲಿ ಕಾಡಿನಲ್ಲಿ ಇರಿಸಿದ್ದ ಛಾಯಾಗ್ರಾಹಕ ಯಂತ್ರದಲ್ಲಿ ಅದರ ಚಿತ್ರ ಮೂಡಿತು. ಮನೆತನಗಳು ಅಳಿಯಬಹುದು, ವಂಶದ ಬಳ್ಳಿ ಒಣಗಬಹುದು. ಅದನ್ನು ತಡೆಯುವ ಶಕ್ತಿ ಯಾರಿಗೂ ಇಲ್ಲ. ಆದರೆ ಹೆಸರನ್ನು ಹೊತ್ತವರು ಲೋಕಕ್ಕೆ ಮಾಡಿದ ಉಪಕಾರದಿಂದ ಆ ಹೆಸರು ವಂಶವನ್ನೂ ದಾಟಿ ಬಾಳುತ್ತದೆ.