ಎಡಗಡೆ ಉಲ್ಟಾ!

ಬಿಚ್ಚಲು ಎಡಕ್ಕೆ, ಬಿಗಿಯಲು ಬಲಕ್ಕೆ. ಬಾಟಲಿ ಮುಚ್ಚಳದಿಂದ ಹಿಡಿದು ನಲ್ಲಿಯವರೆಗೆ ಕೈಗೆ ರೂಢಿಯಾಗಿಬಿಟ್ಟ ಈ ಪಾಠವನ್ನು ಹಳೆಯ ವಿಲ್ಲೀಸ್ ಜೀಪು ಒಂದೇ ನಿಮಿಷದಲ್ಲಿ ಬುಡಮೇಲು ಮಾಡುತ್ತದೆ! ಬಲಗಡೆ ಚಕ್ರಗಳ ಐದೈದು ನಟ್ಟುಗಳು ಹೇಳಿದ ಮಾತು ಕೇಳುತ್ತವೆ. ಎಡಗಡೆಗೆ ಬನ್ನಿ. ಅದೇ ಸ್ಪ್ಯಾನರ್, ಅದೇ ತೋಳು, ಆದರೆ ನಟ್ಟು ಸಡಿಲವಾಗುವ ಬದಲು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ತುಕ್ಕು ಹಿಡಿದಿರಬೇಕೆಂದು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಮೇಲೆ ಹತ್ತಿ ನಿಂತರೆ ಬೋಲ್ಟೇ ಮುರಿದೀತು. "ಎಡಗಡೆ ಉಲ್ಟಾ ಸಾರ್" ಎಂದು ಮೆಕ್ಯಾನಿಕ್ ನಗುತ್ತಾನೆ.

ಉಲ್ಟಾ ಹೌದು, ಆದರೆ ಎಂಥ ಲೆಕ್ಕಾಚಾರದ ಉಲ್ಟಾ! ಜೀಪಿನ ಬಲಕ್ಕೆ ನಿಂತು ನೋಡಿದರೆ ಮುಂದಕ್ಕೆ ಓಡುವ ಚಕ್ರ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಎಡಕ್ಕೆ ನಿಂತರೆ ಮುಳ್ಳಿಗೆ ವಿರುದ್ಧವಾಗಿ. ಅಂದರೆ ಎರಡೂ ಕಡೆ ಚಕ್ರ ಉರುಳುವ ದಿಕ್ಕೇ ನಟ್ಟು ಬಿಗಿಯುವ ದಿಕ್ಕು! ಓಟವೇ ನಟ್ಟನ್ನು ಸಡಿಲಿಸಬಾರದೆಂಬ ಎಚ್ಚರ ಇದು. ಶಂಕುವಿನಾಕಾರದ ಮುಖದ ನಟ್ಟನ್ನು ಸರಿಯಾಗಿ ಬಿಗಿದರೆ ಇಷ್ಟೆಲ್ಲ ಬೇಕಿಲ್ಲ ಎಂದು ಆಮೇಲೆ ಗೊತ್ತಾಯಿತು. ಅಮೆರಿಕದ ಕ್ರೈಸ್ಲರ್ ಕೂಡ 1970ರ ದಶಕದಲ್ಲಿ ಎಡಗಡೆಯ ಈ ಉಲ್ಟಾ ನಟ್ಟನ್ನು ಕೈಬಿಟ್ಟಿತು. ಇನ್ನೂ ಮಜದ ಸಂಗತಿ ಎಂದರೆ, ಎಡ-ಬಲದ ಈ ಭೇದವೆಲ್ಲ ಬೋಲ್ಟು-ನಟ್ಟುಗಳದ್ದು. ಸ್ಟೆಪ್ನಿಗೆ ಪಕ್ಷವೇ ಇಲ್ಲ. ನಾಲ್ಕರಲ್ಲಿ ಎಲ್ಲಿ ಬೇಕಾದರೂ ಕೂರುತ್ತದೆ.

ದಕ್ಷಿಣ ಕೊಡಗಿನ ಬಾಳೆಲೆಯಂಥ ಊರಿನಲ್ಲಿ ಇದು ತಿಳಿದಿರುವುದು ಒಳ್ಳೆಯದು. ಒಂದು ಕಡೆ ಕಾಫಿ ತೋಟ, ಗದ್ದೆ, ಲಕ್ಷ್ಮಣತೀರ್ಥ. ಇನ್ನೊಂದು ಕಡೆ ನಾಗರಹೊಳೆಯ ಕಾಡು. ಮುಸ್ಸಂಜೆಯಲ್ಲಿ ಎಡಗಡೆ ಚಕ್ರ ಪಂಚರ್ ಆಗಿ, ತೋಟದೊಳಗೆಲ್ಲೋ ಆನೆ ಕೊಂಬೆ ಮುರಿಯುವ ಸದ್ದು ಕೇಳಿದರೆ, ಯಾವ ಕಡೆಗೆ ತಿರುಗಿಸಬೇಕೆಂದು ಪ್ರಯೋಗ ಮಾಡುತ್ತ ಕೂರಲು ಯಾರಿಗೆ ಧೈರ್ಯ? ಇಷ್ಟು ಹಳೆಯ ಜೀಪು ವಿಂಟೇಜ್ ಅಲ್ಲವೇ ಎನ್ನುತ್ತೀರಾ? 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಕಾರುಗಳಿಗೆ ‘ವಿಎ’ ಅಕ್ಷರಗಳ ವಿಶೇಷ ನಂಬರ್ ಸಿಗುತ್ತದೆ. ಆದರೆ ಆ ನಂಬರ್ ಪಡೆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಕಾಫಿ ಮೂಟೆ ಹೊರುವ ಜೀಪಿಗೆ ಅಂಥ ಗೌರವ ಬೇಡವೇ ಬೇಡ!

ಈಗ ಜಾಕಿ. ಮಳೆಗಾಲದ ಕೆಸರಿನಲ್ಲಿ ಜಾಕಿ ಹಾಕಿದರೆ ಜೀಪು ಮೇಲೇಳುವುದಿಲ್ಲ, ಜಾಕಿಯೇ ಕೆಳಗಿಳಿಯುತ್ತದೆ. ಅಡಿಗೆ ಸಿಲ್ವರ್ ಓಕ್‌ನ ದಪ್ಪ ಹಲಗೆ ಕೊಡಬೇಕು. ಹ್ಯಾಂಡ್‌ಬ್ರೇಕ್ ಎಳೆದಿದ್ದೀರಿ, ಹಿಂದಿನ ಒಂದು ಚಕ್ರ ನೆಲ ಬಿಟ್ಟಿತು, ಅಷ್ಟರಲ್ಲಿ ಬ್ರೇಕ್ ಹಾಕಿದ ಜೀಪೇ ಮೆಲ್ಲಗೆ ಉರುಳತೊಡಗಬಹುದು! ದೆವ್ವವಲ್ಲ, ಡಿಫರೆನ್ಷಿಯಲ್. ಹಳೆಯ ವಿಲ್ಲೀಸ್‌ಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು. ಶಾಫ್ಟು ನಿಂತಿದ್ದರೂ, ಗಾಳಿಯಲ್ಲಿರುವ ಚಕ್ರ ಹಿಂದಕ್ಕೆ ತಿರುಗಿದಷ್ಟು ನೆಲದ ಮೇಲಿನ ಚಕ್ರ ಮುಂದಕ್ಕೆ ಉರುಳಲು, ಎರಡೂ ಚಕ್ರಗಳ ನಡುವೆ ಕೂತ ಈ ಗೇರುಗಳ ಗೂಡು ಅಡ್ಡಿ ಮಾಡುವುದಿಲ್ಲ. ಮದ್ದು ಏನು? ಚಕ್ರಗಳಿಗೆ ಕಲ್ಲು ಕೊಡುವುದಂತೂ ಸರಿ, ಜೊತೆಗೆ ಫೋರ್ ವೀಲ್ ಹಾಕಿಬಿಡುವುದು! ಆಗ ಆ ಬ್ರೇಕ್ ಮುಂದಿನ ಶಾಫ್ಟನ್ನೂ ಹಿಡಿಯುತ್ತದೆ. ಮುಂದಿನ ಎರಡು ಚಕ್ರಗಳೂ ನೆಲದ ಮೇಲಿರುವುದರಿಂದ ಒಂದು ಹಿಂದಕ್ಕೆ ಒಂದು ಮುಂದಕ್ಕೆ ತಿರುಗಲು ಅವಕ್ಕೆ ದಾರಿಯಿಲ್ಲ, ಜೀಪು ಅಲ್ಲೇ ನಿಲ್ಲುತ್ತದೆ. ಚಕ್ರ ಬದಲಿಸಲು ಗೇರಿನ ಕೋಲು ಬೇಕಾಗುತ್ತದೆಂದು ಯಾರಾದರೂ ಊಹಿಸಿಯಾರೇ?

ಬಿಚ್ಚಿದ ಚಕ್ರ ಪಂಚರ್ ಅಂಗಡಿ ಸೇರಿತು. ಇಲ್ಲೊಂದು ನಿಜವಾದ ಕಣ್ಕಟ್ಟು ಕಾದಿದೆ. ಟೈರಿನ ಒಳಅಂಚಿನಲ್ಲಿ ಉಕ್ಕಿನ ತಂತಿಯ ಬಳೆ ಇರುತ್ತದೆ, ಅದು ಕೂದಲೆಳೆಯಷ್ಟೂ ಹಿಗ್ಗುವುದಿಲ್ಲ. ರಿಮ್ಮಿನ ತುಟಿಯೋ ಆ ಬಳೆಗಿಂತ ದೊಡ್ಡದು. ಚಿಕ್ಕ ಬಳೆ ದೊಡ್ಡ ತುಟಿಯನ್ನು ದಾಟಿ ಹೊರಗೆ ಬರುವುದು ಹೇಗೆ? ಬರೀ ಬಲದಿಂದ ಆಗುವ ಕೆಲಸವಲ್ಲ. ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಇದೆ. ಅಂಗಡಿಯ ಹುಡುಗ ಟೈರಿನ ಆಚೆ ಬದಿಯನ್ನು ಮೊಣಕಾಲಿನಿಂದ ಆ ತಗ್ಗಿಗೆ ಒತ್ತುತ್ತಾನೆ. ಅಲ್ಲಿ ಕೆಳಗಿಳಿದಷ್ಟು ಈಚೆ ಸಡಿಲ ಸಿಗುತ್ತದೆ. ಲಿವರ್ ಹಾಕಿ ಮೀಟಿದರೆ ಟೈರು ಸಲೀಸಾಗಿ ತುಟಿ ದಾಟುತ್ತದೆ! ಟೈರಿನ ತಂತಿ, ರಿಮ್ಮಿನ ತಗ್ಗು ಎರಡನ್ನೂ ಯೋಚಿಸಿ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬ ಇಂಗ್ಲಿಷ್ ಮನುಷ್ಯ ಪೇಟೆಂಟ್ ಪಡೆದದ್ದು 1890ರಲ್ಲಿ. ನಿಮ್ಮ ಹೊಸ ಕಾರಿನ ರಿಮ್ಮನ್ನೂ ನೋಡಿ, ಆ ತಗ್ಗು ಈಗಲೂ ಅಲ್ಲೇ ಇದೆ!

ಆ ಕಾಲದ ಕಾರುಗಳಲ್ಲಿ ಬದಲಿ ಚಕ್ರವೇ ಇರುತ್ತಿರಲಿಲ್ಲ. ದಾರಿಯಲ್ಲೇ ಕುಳಿತು ಟೈರು ಬಿಚ್ಚಿ ತೇಪೆ ಹಾಕಬೇಕಿತ್ತು. 1904ರಲ್ಲಿ ವೇಲ್ಸಿನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯ ಡೇವಿಸ್ ಸಹೋದರರು ಒಂದು ಕಡ್ಡಿಯೂ ಇಲ್ಲದ, ಗಾಳಿ ತುಂಬಿದ ಟೈರು ತೊಟ್ಟ ಬರೀ ರಿಮ್ಮೊಂದನ್ನು ಮಾಡಿದರು. ಪಂಚರಾದ ಚಕ್ರವನ್ನು ಬಿಚ್ಚುವುದೂ ಬೇಡ, ಅದರ ಪಕ್ಕಕ್ಕೇ ಇದನ್ನು ಕ್ಲ್ಯಾಂಪ್ ಹಾಕಿ ಬಿಗಿದು ಮುಂದೆ ಹೊರಡುವುದು!

ಯುದ್ಧಕಾಲದ ಜೀಪು ಸಿಕ್ಕರಂತೂ ಇನ್ನೊಂದು ಬೆರಗು. ಸೇನೆಯ ‘ಕಾಂಬ್ಯಾಟ್’ ರಿಮ್ಮಿನಲ್ಲಿ ತಗ್ಗೇ ಇಲ್ಲ! ಅದು ಎರಡು ಹೋಳುಗಳ ರಿಮ್ಮು. ಒಳಗೆ ಉಕ್ಕಿನ ಉಂಗುರವೊಂದು ಟೈರಿನ ಅಂಚುಗಳನ್ನು ಒತ್ತಿ ಹಿಡಿದಿರುತ್ತದೆ, ಗುಂಡು ತಗುಲಿ ಗಾಳಿ ಹೋದರೂ ಟೈರು ಕಳಚುವುದಿಲ್ಲ. ಮಧ್ಯದ ಐದು ನಟ್ಟು ಚಕ್ರವನ್ನು ಹಬ್ಬಿಗೆ ಹಿಡಿದಿವೆ, ಸುತ್ತಲಿನ ಎಂಟು ನಟ್ಟು ಎರಡು ಹೋಳುಗಳನ್ನು. ಗಾಳಿ ತುಂಬಿರುವಾಗ ಐದನ್ನು ಬಿಚ್ಚಿದರೆ ಚಕ್ರ ಕೈಗೆ ಬರುತ್ತದೆ. ಎಂಟನ್ನು ಬಿಚ್ಚಿದರೆ ಅರ್ಧ ರಿಮ್ಮು ಮುಖಕ್ಕೇ ಸಿಡಿಯುತ್ತದೆ. ಅದಕ್ಕೇ ತಿಳಿದವರು ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ವಾಲ್ವಿನ ಪಿನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ.