ತಡಿಕೆಯ ಗೋಡೆ

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿಯೂ, ಹಿಂದೆ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಹನೂರಿನ ಮಲೆಮಹದೇಶ್ವರ ಬೆಟ್ಟದ ಸುತ್ತಲೂ ಸೋಲಿಗರ ಪೋಡುಗಳಿವೆ. ಪೋಡು ಎಂದರೆ ಅವರ ವಸತಿ. ಅಲ್ಲಿ ತಲೆಮಾರುಗಳಿಂದ ಕಟ್ಟುತ್ತ ಬಂದ ಮನೆಯ ಗೋಡೆ ಕಲ್ಲಿನದಲ್ಲ, ಇಟ್ಟಿಗೆಯದೂ ಅಲ್ಲ. ಬಿದಿರ ಸೀಳುಗಳನ್ನು ಹೆಣೆದು ಎರಡು ಮಗ್ಗುಲಿಗೂ ಮಣ್ಣು ಮೆತ್ತಿದ ತಡಿಕೆಯ ಗೋಡೆ. ಇಂದು ಪೋಡುಗಳಲ್ಲಿ ಸಿಮೆಂಟಿನ ಮನೆಗಳೂ ಎದ್ದಿವೆ. ಆದರೆ ತಡಿಕೆ ಕಟ್ಟುವ ವಿದ್ಯೆಯನ್ನು ಹಳೆಯದೆಂದು ತಳ್ಳಿಹಾಕುವಂತಿಲ್ಲ.

ಇಂತಹ ಗೋಡೆಯನ್ನು ಕಂಡ ಹೊಸಬರು ಅದು ಎಷ್ಟು ದಿನ ನಿಂತೀತೆಂದು ಸಂದೇಹಪಡುವುದುಂಟು. ಆದರೆ ಸೂರಿನ ಭಾರವನ್ನು ಹೊರುವುದು ಗೋಡೆಯಲ್ಲ, ನೆಲದಲ್ಲಿ ಹೂಳಿದ ಕಂಬಗಳು. ಗೋಡೆ ಕಂಬಗಳ ನಡುವಣ ಹೊದಿಕೆ ಮಾತ್ರ. ಆದುದರಿಂದ ಅದರ ಒಂದು ಭಾಗ ಕೆಟ್ಟರೆ ಆ ಭಾಗವನ್ನಷ್ಟೇ ಬಿಚ್ಚಿ ಹೊಸದು ಮಾಡಬಹುದು, ಮನೆ ಅಲುಗುವುದಿಲ್ಲ.

ಈ ಕೆಲಸಕ್ಕೆ ಬೇಕಾದ ಹತ್ಯಾರುಗಳು ಮಚ್ಚು, ಹಾರೆ, ಗುದ್ದಲಿ. ಉಳಿದುದೆಲ್ಲ ಕೈಯ ಕೆಲಸ. ಬಲಿತ ಬಿದಿರನ್ನೇ ಕಡಿಯಬೇಕು. ಎಳೆಯದು ಒಣಗಿದಾಗ ಸುಕ್ಕುಗಟ್ಟುತ್ತದೆ. ಬಿದಿರಿನೊಳಗಿನ ಪಿಷ್ಟ ಕೊರೆಯುವ ಹುಳುವಿಗೆ ಆಹಾರ. ಬೊಂಬನ್ನು ಕೆಲವು ವಾರ ನೀರಿನಲ್ಲಿ ನೆನೆಯಿಟ್ಟರೆ ಪಿಷ್ಟ ಬಹುಮಟ್ಟಿಗೆ ಕರಗಿಹೋಗಿ ಹುಳುವಿನ ಕಾಟ ತಗ್ಗುತ್ತದೆ. ಸೀಳುವಾಗ ತುದಿಯಲ್ಲಿ ಮಚ್ಚನ್ನು ಊರಿ ಬಾಯಿ ಬಿಡಿಸಿದರೆ, ನಾರಿನ ಗುಂಟ ಸೀಳು ತಾನಾಗಿಯೇ ಓಡುತ್ತದೆ. ಗಿಣ್ಣು ಬಂದಲ್ಲಿ ಮಾತ್ರ ಪೆಟ್ಟು ಬೇಕು. ಈ ಸೀಳುಗಳನ್ನು ಒಂದು ಹಿಂದೆ ಒಂದು ಮುಂದೆ ಹಾಯಿಸಿ ಹೆಣೆದರೆ ತಡಿಕೆ ಸಿದ್ಧವಾಯಿತು. ಹೆಣಿಗೆ ತೀರ ಬಿಗಿಯಾಗಬಾರದು. ಸಂದುಗಳಿದ್ದರೆ ತಾನೆ ಎರಡು ಮಗ್ಗುಲಿನ ಮಣ್ಣೂ ಒಳಗೆ ನುಗ್ಗಿ ಒಂದನ್ನೊಂದು ಹಿಡಿಯುವುದು!

ಮೆತ್ತುವ ಮಣ್ಣಿಗೆ ಜೇಡಿಯೂ ಮರಳೂ ಬೇಕು. ಬರೀ ಜೇಡಿ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಬರೀ ಮರಳು ಉದುರುತ್ತದೆ. ಕತ್ತರಿಸಿದ ಹುಲ್ಲು, ಸಗಣಿ ಬೆರೆಸಿ, ತುಳಿದು, ಕೆಲವು ದಿನ ಕೊಳೆಯಬಿಟ್ಟರೆ ಮಣ್ಣು ಹದವಾಗುತ್ತದೆ. ಮೊದಲ ಮೆತ್ತಿಗೆ ಒಣಗಿ ಬಿರುಕುಬಿಟ್ಟರೆ ಗಾಬರಿಪಡಬೇಕಾಗಿಲ್ಲ. ಎರಡನೆಯ ಮೆತ್ತಿಗೆಗೆ ಆ ಬಿರುಕುಗಳೇ ಹಿಡಿತ.

ದುರಸ್ತಿಯಲ್ಲಿ ಮೊದಲು ಮಾಡಬೇಕಾದುದು ಬೆರಳಗೆಣ್ಣಿನಿಂದ ತಟ್ಟಿ ಕೇಳುವುದು. ಟೊಳ್ಳು ಸದ್ದು ಬಂದಲ್ಲಿ ಮಣ್ಣು ತಡಿಕೆಯನ್ನು ಬಿಟ್ಟಿದೆ. ಗಟ್ಟಿಯಾದ ಅಂಚು ಸಿಗುವವರೆಗೆ ಅದನ್ನು ಕೆತ್ತಿ ತೆಗೆದು, ಗೆದ್ದಲು ತಿಂದ ಸೀಳುಗಳನ್ನು ಎಳೆದು ಹೊಸವನ್ನು ಸೇರಿಸಿ, ಅಂಚಿಗೆ ನೀರು ಚಿಮುಕಿಸಿ, ಹೊಸ ಮಣ್ಣನ್ನು ಒತ್ತಬೇಕು. ನೀರು ಚಿಮುಕಿಸದಿದ್ದರೆ ಒಣಮಣ್ಣು ಹೊಸ ಮಣ್ಣಿನ ತೇವವನ್ನು ಹೀರಿಬಿಡುತ್ತದೆ. ತೇಪೆ ಕಳಚಿ ಬೀಳುತ್ತದೆ. ಸೂರಂಚಿನಿಂದ ಬೀಳುವ ಹನಿಗಳು ನೆಲದಿಂದ ಚಿಮ್ಮಿ ಗೋಡೆಯ ಬುಡವನ್ನು ಕೊರೆಯುವುದರಿಂದ ಹೆಚ್ಚಿನ ತೇಪೆಗಳು ಅಲ್ಲಿಯೇ ಬೀಳುತ್ತವೆ. ಒಂದೇ ಸಲಕ್ಕೆ ಮುಗಿಯಲೆಂದು ಮಣ್ಣಿನ ಮೇಲೆ ಸಿಮೆಂಟು ಬಳಿಯುವವರಿದ್ದಾರೆ. ಇದು ತಪ್ಪು. ಒಳಗೆ ಸೇರಿದ ತೇವ ಹೊರಬರಲಾರದೆ ಮಣ್ಣು ಮೆತ್ತಗಾಗುತ್ತದೆ, ಬಿದಿರು ಕೊಳೆಯುತ್ತದೆ. ಹೊರಗೆ ಮಾತ್ರ ಗೋಡೆ ಚೆನ್ನಾಗಿಯೇ ಕಾಣುತ್ತಿರುತ್ತದೆ.

ವಸ್ತುವಿನ ಸ್ವಭಾವಕ್ಕೆ ಎಡೆಕೊಡುವ ಈ ನಿಯಮ ದೂರದ ಅಮೆರಿಕದಲ್ಲಿಯೂ ಉಂಟು. ಅಲ್ಲಿ ಅನೇಕ ಮನೆಗಳ ಹೊರಗೋಡೆಗೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ಹೊದಿಸುತ್ತಾರೆ. 12 ಅಡಿಯ ಪಟ್ಟಿ ಬಿಸಿಲಿಗೆ ಸುಮಾರು ಅರ್ಧ ಅಂಗುಲ ಹಿಗ್ಗಬಲ್ಲದು. ಆದಕಾರಣ ಮೊಳೆಯನ್ನು ಪೂರ್ತಿ ಬಡಿಯದೆ, ಒಂದು ನಾಣ್ಯದ ದಪ್ಪದಷ್ಟು ಸಂದು ಬಿಡುತ್ತಾರೆ. ಒಡೆದ ಪಟ್ಟಿಯೊಂದನ್ನು ಕೊಕ್ಕೆಯಂತಹ ಕೈಹತ್ಯಾರಿನಿಂದ ಬಿಡಿಸಿ ತೆಗೆಯುತ್ತಾರೆ.

ಸೋಲಿಗರ ಚಿಂತೆ ಹತ್ಯಾರಿನದಲ್ಲ, ಬಿದಿರಿನದು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಕಾಡಿನ ಬಳಕೆಗೆ ಕಟ್ಟುಪಾಡುಗಳು ಬಂದವು. 2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಗಣಿಸಿತು. 2011ರಲ್ಲಿ ಅಲ್ಲಿನ ಅನೇಕ ಪೋಡುಗಳಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತವು. ಆದರೆ ಹೆಬ್ಬಿದಿರು ಹಲವು ದಶಕಗಳಿಗೊಮ್ಮೆ ಒಟ್ಟಿಗೆ ಹೂಬಿಟ್ಟು ಒಟ್ಟಿಗೆ ಒಣಗುವ ಜಾತಿ. ಹೊಸ ಸಸಿಗಳು ಬಲಿಯುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಈ ನಡುವೆ ಹೊರನಾಡಿನಿಂದ ಬಂದ ಲಂಟಾನ ಕಾಡನ್ನೆಲ್ಲ ಕವಿದಿದೆ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಗಳಿಂದ ಬುಟ್ಟಿ, ಕುರ್ಚಿಗಳನ್ನು ಮಾಡುತ್ತಾರೆ. ತಡಿಕೆಗೂ ಅದು ಒದಗುತ್ತದೆ. ಆದರೆ ಆ ಕಡ್ಡಿ ಬಿದಿರ ಸೀಳಿನಷ್ಟು ನೇರವಲ್ಲ, ಬಾಗು ಹೆಚ್ಚು. ಮಣ್ಣನ್ನು ತುಸು ದಪ್ಪವಾಗಿಯೇ ಮೆತ್ತಬೇಕಾಗುತ್ತದೆ.